ಮರ ಬೆಳೆಯದ ಬಯಲು

ಏರಿಕೆಯ ನೂರಾ ಹದಿನೇಳನೆಯ ವರ್ಷ, ಎಳ್ಳಮಾವಾಸ್ಯೆಯ ಹಿಂದಿನ ದಿನ. ನಿಮ್ಮ ಗೋಡೆಯ ಕ್ಯಾಲೆಂಡರಿನ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರ ಮೂವತ್ತೊಂದನೆಯ ಇಸವಿಯ ಕೊನೆ.

ನಮ್ಮ ಹಿರಿಯರಿಗೆ, ಬಿಳಿಹೊಲದ ಕಿವಿಗಾರತಿ ಅಂಬ್ರಮ್ಮನ ನಮಸ್ಕಾರ.

ಮೇಲಿನ ತಾರೀಖು ಕಂಡು ನಗು ಬಂದರೆ ನಗಿರಿ. ನಂಬಿ ಎಂದು ಕೇಳುವ ಧೈರ್ಯ ನನಗಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ಅಕ್ಷರ ನಿಮ್ಮದೇ, ನುಡಿ ನಿಮ್ಮದೇ. ಆದರೆ ನೂರು ವರ್ಷ ಹಿಮದಲ್ಲಿ ಬಾಳಿದ ಮೇಲೆ ಕೆಲವು ಮಾತುಗಳ ಒಳಗೆ ಬೇರೆ ಏನೋ ತುಂಬಿಕೊಂಡಿದೆ. ರೊಟ್ಟಿ ಎಂದರೆ ನಿಮಗೆ ಹಸಿವು ನೆನಪಾಗುತ್ತದೆ. ನಮಗೆ ಕೆಲವೊಮ್ಮೆ ಸಾವು ನೆನಪಾಗುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ನಮ್ಮಲ್ಲಿ ಒಂದು ರೂಢಿ ಇದೆ. ಎಳ್ಳಮಾವಾಸ್ಯೆಗೆ ಮನೆಗೊಂದು ಹಿಂದೋಲೆ ಬರೆಯುತ್ತೇವೆ. ಹಿಂದೆ ಬಾಳಿಹೋದವರಿಗೆ ಬರೆಯುವ ಓಲೆ ಅದು. ಬರೆದದ್ದನ್ನು ತಗಡಿನ ಡಬ್ಬಿಯಲ್ಲಿಟ್ಟು ಬನದ ದೊಡ್ಡ ಮರದ ಬುಡದಲ್ಲಿ ಹೂಳುತ್ತೇವೆ. ಎಲ್ಲರ ಓಲೆಯಲ್ಲೂ ಇರುವುದು ಹೆಚ್ಚು ಕಡಿಮೆ ಒಂದೇ ಮಾತು: ನಾವು ಕ್ಷೇಮ, ಜೋಳ ಬಂದಿದೆ, ಆಡು ಈದಿದೆ, ನೀವು ಚಿಂತೆ ಮಾಡಬೇಡಿ. ನಾನೂ ಇಪ್ಪತ್ತಾರು ವರ್ಷ ಹಾಗೆಯೇ ಬರೆದೆ. ಗಂಡ ಸತ್ತ ವರ್ಷವೂ ಕ್ಷೇಮ ಎಂದೇ ಬರೆದೆ. ಈ ಸಲ ಬರೆಯಲಾರೆ. ನಾವು ಕ್ಷೇಮವಾಗಿಲ್ಲ. ನಾಳೆ ಹೊತ್ತೇರಿದ ಮೇಲೆ ಅರವತ್ತೊಂದು ಮನೆಯ ಜನ, ಮುರಿಯಲು ಕಾದು ನಿಂತ ಗುಡ್ಡದ ಕೆಳಗೆ, ಸಾಲಾಗಿ ನಡೆದು ಹೋಗುತ್ತಾರೆ. ಆ ಸಾಲಿನ ಎಲ್ಲಕ್ಕಿಂತ ಮುಂದೆ ನನ್ನ ಮಗಳು ಹುಲಿಗೆಮ್ಮ ಇರುತ್ತಾಳೆ. ಅವಳು ಈಗ ಆರು ತಿಂಗಳ ಬಸುರಿ.

ನಾವು ಇಲ್ಲಿಗೆ ಬಂದ ಕಥೆಯನ್ನು ಮೊದಲು ಹೇಳಬೇಕು, ಏಕೆಂದರೆ ತಪ್ಪು ಅಲ್ಲಿಯೇ ಆಗಿದೆ. ನಿಮ್ಮ ಮೊಮ್ಮಕ್ಕಳ ಮಕ್ಕಳು ಕೃಷ್ಣೆ, ತುಂಗಭದ್ರೆಯರ ನಡುವಿನ ಎರೆನೆಲವನ್ನು ಬಿಟ್ಟು ಹೊರಟದ್ದು ಬಿಸಿಲಿಗೆ ಹೆದರಿ. ಹಗಲಿನಲ್ಲಿ ಹೊರಗೆ ನಿಂತವರು ನಿಂತಲ್ಲೇ ಕುಸಿಯುವ ಬಿಸಿಲು ಅದು. ಉತ್ತರಕ್ಕೆ, ಇನ್ನೂ ಉತ್ತರಕ್ಕೆ, ಆಮೇಲೆ ಮೇಲಕ್ಕೆ ಬಂದರು. ಆ ನಡಿಗೆಯನ್ನೇ ನಾವು ಏರಿಕೆ ಎನ್ನುತ್ತೇವೆ. ಅವರು ಈ ಕಣಿವೆಗೆ ಬಂದದ್ದು ಆಷಾಢದಲ್ಲಿ. ಎರಡೂ ಬದಿಗೆ ದೇವದಾರುಗಳ ದಟ್ಟ ಕಾಡು. ನಡುವೆ ಗುಡ್ಡದ ನೆತ್ತಿಯಿಂದ ಹೊಳೆಯ ತನಕ ಒಂದೂ ಮರವಿಲ್ಲದ ಅಗಲವಾದ ಹಸಿರು ಪಟ್ಟಿ. ಕಪ್ಪು ಕೂದಲಿನ ನಡುವೆ ಬೈತಲೆ ತೆಗೆದ ಹಾಗಿತ್ತಂತೆ.

ಬಯಲುಸೀಮೆಯ ಜನ. ಕಾಡು ಎಂದರೆ ಅವರಿಗೆ ಭಯ, ಬಯಲು ಎಂದರೆ ಜೀವ. ಕಡಿಯಬೇಕಾದ ಮರವಿಲ್ಲ, ಕೀಳಬೇಕಾದ ಬೇರಿಲ್ಲ, ಯಾರೋ ಹಸನು ಮಾಡಿಟ್ಟಂಥ ನೆಲ. ಅವರು ಅದಕ್ಕೆ ಅಡ್ಡಬಿದ್ದು ಕಣ್ಣೀರಿಟ್ಟರಂತೆ. ಪಟ್ಟಿಯ ಅಂಚಿನ ಮರಗಳೆಲ್ಲ ಹೊಳೆಯ ಕಡೆಗೆ ಬಾಗಿದ್ದವು. ಗುಡ್ಡದ ಕಡೆಯ ಕೊಂಬೆಗಳು ಒಂದೂ ಉಳಿದಿರಲಿಲ್ಲ. ಆ ಮರಗಳನ್ನೇ ಕಡಿದು ಮೊದಲ ಒಲೆ ಹಚ್ಚಿದರು. ದಾರಿಯಲ್ಲಿ ಹೋಗುತ್ತಿದ್ದ ಕುರಿಗಾಹಿಗಳು ನಿಂತು, ಗುಡ್ಡ ತೋರಿಸಿ, ಕೈಯಾಡಿಸಿ ಏನೋ ಹೇಳಿದರಂತೆ. ಅವರ ಭಾಷೆ ನಮ್ಮವರಿಗೆ ತಿಳಿಯಲಿಲ್ಲ. ಹಸಿದಿದ್ದಾರೆಂದು ತಿಳಿದು ರೊಟ್ಟಿ ಕೊಟ್ಟು ಕಳುಹಿಸಿದರು. ಇಲ್ಲಿ ಮರ ಯಾಕಿಲ್ಲ ಎಂದು ಒಬ್ಬರೂ ಕೇಳಲಿಲ್ಲ.

ಮರ ಇಲ್ಲದ್ದು ಏಕೆಂದರೆ, ಬೆಳೆದ ಮರವನ್ನೆಲ್ಲ ಗುಡ್ಡ ಒರೆಸಿ ಹಾಕುತ್ತಿತ್ತು. ನೀವು ಅದನ್ನು ಹಿಮಕುಸಿತ ಎನ್ನುತ್ತೀರಿ. ನಮ್ಮ ಊರಿನವರು ಹೆಸರು ಹೇಳುವುದಿಲ್ಲ, ‘ಆಕಿ’ ಎನ್ನುತ್ತಾರೆ. ಆಕಿ ಬಂದಳು, ಆಕಿ ಉಂಡಳು, ಆಕಿ ಮಲಗಿದಳು. ಮೊದಲ ನಲವತ್ತು ವರ್ಷ ಹಿಮ ತೆಳುವಾಗಿತ್ತು, ಆಕಿ ಬರಲಿಲ್ಲ. ಅಷ್ಟರಲ್ಲಿ ಪಟ್ಟಿಯ ತುಂಬ ಮೆಟ್ಟಿಲು ಹೊಲಗಳಾದವು, ಬಿಸಿಲಿನ ಆಸೆಗೆ ಮನೆಗಳೂ ಕಾಡಿನಂಚಿನಿಂದ ಪಟ್ಟಿಗೆ ಇಳಿದವು. ಅರವತ್ತಮೂರನೆಯ ವರ್ಷ ಆಕಿ ಹದಿನಾಲ್ಕು ಮನೆ ಒಯ್ದಳು. ಅದೇ ಜಾಗದಲ್ಲಿ ಮತ್ತೆ ಹದಿನಾಲ್ಕು ಮನೆ ಕಟ್ಟಿದರು. ಹೊಲ ಅಲ್ಲೇ ಇತ್ತಲ್ಲ, ಎಲ್ಲಿಗೆ ಹೋಗುವುದು?

ಅಂದಿನಿಂದ ಊರಿಗೊಬ್ಬಳು ಕಿವಿಗಾರತಿ ಇರುತ್ತಾಳೆ, ಗುಡ್ಡಕ್ಕೆ ಕಿವಿಗೊಟ್ಟು ಊರನ್ನು ಎಚ್ಚರಿಸುವವಳು. ಪಟ್ಟಿಯ ಬಲಕ್ಕೆ ಮೂಗಿನಂತೆ ಚಾಚಿದ ಬಂಡೆ ಇದೆ. ಅದರ ಮೇಲಿನ ಒಂಟಿ ಕೋಣೆಯೇ ಕಿವಿಮನೆ, ನನ್ನ ಮನೆ. ಬಂಡೆಯ ಮರೆಯಲ್ಲಿ ಬನ. ಅಲ್ಲಿಯ ದೇವದಾರುಗಳನ್ನು ನಾಲ್ಕು ಜನ ಕೈ ಹಿಡಿದರೂ ತಬ್ಬಲಾಗದು. ಆ ಮರಗಳ ವಯಸ್ಸೇ ಆಕಿ ಆ ಕಡೆ ಎಂದೂ ತಿರುಗಿಲ್ಲ ಎನ್ನುವುದಕ್ಕೆ ಸಾಕ್ಷಿ. ಬೆಳಿಗ್ಗೆ ಎದ್ದು ಗಾಳಿ ಯಾವ ಕಡೆಯದು, ಎಷ್ಟು ಹಿಮ ಹೊತ್ತು ತಂದಿದೆ ಎಂದು ನೋಡುತ್ತೇನೆ. ವಾರಕ್ಕೊಮ್ಮೆ ಇಳಿಜಾರಿನ ಅಂಚಿಗೆ ಹೋಗಿ ನೆಲ ಸಿಗುವ ತನಕ ಗುಂಡಿ ತೋಡಿ ಗೋಡೆಯ ಪದರಗಳನ್ನು ಬೆರಳಿನಿಂದ ಒತ್ತುತ್ತೇನೆ. ಉಳಿದ ಹೊತ್ತು ಆಡಿನ ಉಣ್ಣೆ ನೂಲುತ್ತೇನೆ, ಏರಿಕೆಯವರು ತಂದ ಟ್ರಂಕಿನ ಪುಸ್ತಕ ಓದುತ್ತೇನೆ. ಹಳೆಯ ಕಾವ್ಯಗಳಲ್ಲಿ ಹಿಮ ಬರುತ್ತದೆ. ಬಿಳುಪಿಗೆ ಹೋಲಿಕೆಯಾಗಿ ಬರುತ್ತದೆ, ತಂಪಿಗೆ ಹೋಲಿಕೆಯಾಗಿ ಬರುತ್ತದೆ. ಅದಕ್ಕೆ ತೂಕವಿದೆ ಎಂದು ಯಾವ ಕವಿಯೂ ಹೇಳಲಿಲ್ಲ. ಪಾಪ, ಅವರಾದರೂ ಎಲ್ಲಿ ಕಂಡಿದ್ದರು.

ಈ ವರ್ಷದ ಗುಂಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ದೀಪಾವಳಿಗೆ ಮೊದಲ ಹಿಮ ಬಿತ್ತು, ಮೊಣಕಾಲಿನಷ್ಟೂ ಇಲ್ಲ. ಆಮೇಲೆ ಇಪ್ಪತ್ತು ದಿನ ಮೋಡವೇ ಇಲ್ಲ, ಕೊರೆಯುವ ಚಳಿ. ಜನಕ್ಕೆ ಅದು ಸುಖದ ದಿನ, ಕಿವಿಗಾರತಿಗೆ ಅದೇ ಭಯದ ದಿನ. ಕೆಳಗೆ ನೆಲದಲ್ಲಿ ಇನ್ನೂ ಬೇಸಿಗೆಯ ಬಿಸಿ ಉಳಿದಿರುತ್ತದೆ, ಮೇಲೆ ಗಾಳಿ ಕಲ್ಲಿನಂತೆ ತಣ್ಣಗಿರುತ್ತದೆ. ನಡುವಿನ ತೆಳು ಹಿಮದಲ್ಲಿ ಆವಿ ಕೆಳಗಿನಿಂದ ಮೇಲಕ್ಕೆ ಹಾಯುತ್ತ ಹೋಗುತ್ತದೆ. ಹಾಯುತ್ತ ಹಿಮದ ಹರಳುಗಳನ್ನು ದಪ್ಪ ಮಾಡುತ್ತದೆ, ಮೂಲೆ ಮೂಲೆಯಾಗಿ ಕಡೆಯುತ್ತದೆ, ಒಂದಕ್ಕೊಂದು ಅಂಟದ ಹಾಗೆ ಮಾಡುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವುದಿಲ್ಲ, ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ನಾವು ಅದಕ್ಕೆ ನುಚ್ಚು ಎನ್ನುತ್ತೇವೆ. ಆ ನುಚ್ಚಿನ ಮೇಲೆ ಕಾರ್ತಿಕದ ಕೊನೆಯಿಂದ ಹೊಸ ಹಿಮ ಬಿದ್ದಿತು. ಮೊನ್ನೆ ಮೂರು ದಿನ ಬೀಸಿದ ಪಡುವಣ ಗಾಳಿ ಗುಡ್ಡದ ಆಚೆಯ ಹಿಮವನ್ನೆಲ್ಲ ಗುಡಿಸಿ ತಂದು ಈಚೆಗೆ ಮೆತ್ತಿತು. ಗಾಳಿ ಮೆತ್ತಿದ ಹಿಮ ಹಗುರವಾಗಿರುವುದಿಲ್ಲ, ಒಂದಕ್ಕೊಂದು ಹೆಣೆದು ಗಟ್ಟಿ ಹಲಗೆಯಾಗುತ್ತದೆ. ಅದು ನಮ್ಮ ರೊಟ್ಟಿ. ಈಗ ಗುಡ್ಡದ ಮೇಲೆ ನನ್ನ ಎದೆಮಟ್ಟದ, ಊರಿನಷ್ಟು ಅಗಲದ ಒಂದೇ ಒಂದು ರೊಟ್ಟಿ ನುಚ್ಚಿನ ಮೇಲೆ ಕೂತಿದೆ. ಅಂಚಿನಲ್ಲಿ ನಾನು ಒಂದು ಹೆಜ್ಜೆ ಇಟ್ಟಾಗ ಅಡಿಯಲ್ಲಿ ಧಸಕ್ಕೆಂದು ಏನೋ ಕೂತಿತು, ಕಾಲಿನಿಂದ ಹೊರಟ ಕೂದಲೆಳೆಯ ಬಿರುಕು ನಲವತ್ತು ಮಾರು ದೂರ ಓಡಿತು. ಉಸಿರು ಹಿಡಿದು ಹಿಂದಕ್ಕೆ ಬಂದೆ.

ಊರಿನವರು ಪಟ್ಟಿ ದಾಟುವಾಗ ಮಾತಾಡುವುದಿಲ್ಲ. ಆಡಿನ ಕೊರಳ ಗಂಟೆಗೂ ಬಟ್ಟೆ ಕಟ್ಟುತ್ತಾರೆ. ಕೂಗಿದರೆ ಆಕಿ ಏಳುತ್ತಾಳೆ ಎಂದು ಅವರ ನಂಬಿಕೆ. ಅದು ಸುಳ್ಳು. ಆಕಿ ಕೂಗಿಗೆ ಏಳುವವಳಲ್ಲ, ಹೆಜ್ಜೆಯ ಭಾರಕ್ಕೆ ಏಳುವವಳು. ನುಚ್ಚು ಒಂದು ಕಡೆ ಕುಸಿದರೆ ಆ ಕುಸಿತ ಕಣ್ಣು ಮಿಟುಕಿಸುವುದರೊಳಗೆ ಇಡೀ ಗುಡ್ಡಕ್ಕೆ ಹರಡುತ್ತದೆ. ಕೆಳಗಿನ ಹೊಲದಲ್ಲಿ ಇಟ್ಟ ಹೆಜ್ಜೆಗೆ ನೆತ್ತಿಯಲ್ಲಿ ರೊಟ್ಟಿ ಮುರಿಯುತ್ತದೆ. ಮುರಿದ ಮೇಲೆ ಓಡುವ ಮಾತೇ ಇಲ್ಲ. ಅದು ನಿಮ್ಮ ಕಾಲದ ರೈಲಿನ ಹಾಗೆ ಬರುತ್ತದೆ, ಅದರ ಮುಂದಿನ ಗಾಳಿಯೇ ಬಾಗಿಲು ಕೀಳುತ್ತದೆ. ಬರುವಾಗ ಹೊಳೆಯಂತೆ ಹರಿಯುತ್ತದೆ, ನಿಂತ ಗಳಿಗೆಯಲ್ಲಿ ಗಚ್ಚಿನಂತೆ ಬಿಗಿಯುತ್ತದೆ. ಒಳಗೆ ಸಿಕ್ಕವರು ಬೆರಳು ಆಡಿಸಲಾರರು. ಎಂಟು ರೊಟ್ಟಿ ಬೇಯಿಸುವಷ್ಟು ಹೊತ್ತಿನಲ್ಲಿ ತೆಗೆದರೆ ಬಹಳ ಜನ ಬದುಕುತ್ತಾರೆ. ಹದಿನೈದು ರೊಟ್ಟಿ ದಾಟಿದರೆ ಬದುಕುವವರು ಕೆಲವೇ ಜನ. ನಾವು ಹೊತ್ತನ್ನು ಹಾಗೆಯೇ ಅಳೆಯುವುದು.

ನನ್ನ ಗಂಡ ಯಮನೂರಪ್ಪ ಒಂಬತ್ತು ವರ್ಷದ ಹಿಂದೆ, ಬಿಸಿಲು ಚೆನ್ನಾಗಿದ್ದ ಒಂದು ಮಧ್ಯಾಹ್ನ, ತಪ್ಪಿಸಿಕೊಂಡ ಆಡು ತರಲು ಪಟ್ಟಿಗೆ ಹೋದ. ಆಕಿ ಬಂದಳು. ಪರಾತ, ತಟ್ಟೆ, ಸಲಿಕೆ ಸಿಕ್ಕಿದ್ದರಲ್ಲೆಲ್ಲ ಅಗೆದೆವು. ನಲವತ್ತು ರೊಟ್ಟಿಯ ಹೊತ್ತಿಗೆ ಸಿಕ್ಕ. ಅವನ ಒಂದು ಕೈ ಮೇಲಕ್ಕೆ ಚಾಚಿತ್ತು, ಬೆರಳ ತುದಿಯಿಂದ ಹೊರಗಿನ ಬೆಳಕಿಗೆ ಒಂದು ಗೇಣು ಇತ್ತು, ಅಷ್ಟೇ. ಮುಖದ ಮುಂದೆ ಅವನ ಉಸಿರೇ ಕರಗಿಸಿ, ಮತ್ತೆ ಹೆಪ್ಪುಗಟ್ಟಿದ ಗಾಜಿನಂಥ ಒಂದು ಬಟ್ಟಲು ಇತ್ತು. ತನ್ನ ಉಸಿರಿನಿಂದ ತಾನೇ ಮುಚ್ಚಿಕೊಂಡ ಬಾಗಿಲು. ನಾನು ಅದನ್ನು ಒಡೆಯಲಿಲ್ಲ. ಕೈಯಲ್ಲಿ ಹಿಡಿದು ಕೂತೆ, ಅದು ನೀರಾಯಿತು. ಆಮೇಲೆ ಕಿವಿಗಾರತಿಯ ಕೆಲಸ ಕೇಳಿ ತೆಗೆದುಕೊಂಡೆ.

ಎಳ್ಳಮಾವಾಸ್ಯೆಯ ಚರಗ ನಿಮ್ಮಿಂದಲೇ ಬಂದದ್ದು, ನಿಮಗೆ ಹೇಳಬೇಕಾಗಿಲ್ಲ. ಬಸುರಾದ ಭೂಮಿಗೆ ಬಯಕೆಯೂಟ. ಸಜ್ಜೆಯ ಕಡುಬು, ಭರ್ತ, ಪುಂಡಿಪಲ್ಯ ಎಂದೆಲ್ಲ ನಮ್ಮಜ್ಜಿ ಹೇಳುತ್ತಿದ್ದಳು. ನಮ್ಮಲ್ಲಿ ಉಳಿದಿರುವುದು ಬಾರ್ಲಿಯ ಕಡುಬು. ಬಾರ್ಲಿಯನ್ನೇ ನಾವು ಜೋಳ ಎನ್ನುತ್ತೇವೆ, ಬೇರೆ ಜೋಳ ಇಲ್ಲಿ ಬೆಳೆಯದು. ಅಂದು ಯಾರ ಮನೆಯಲ್ಲೂ ಒಲೆ ಹೊತ್ತುವುದಿಲ್ಲ. ಹಸುಗೂಸು, ಹಾಸಿಗೆ ಹಿಡಿದವರು, ಆಡುಮರಿ, ಕಿವಿಗಾರತಿ ಒಬ್ಬಳನ್ನು ಬಿಟ್ಟು ಎಲ್ಲರೂ ಬನಕ್ಕೆ ಬರಬೇಕು. ಅಲ್ಲಿ ಬಸುರಿಯೊಬ್ಬಳ ತಲೆಯ ಮೇಲೆ ಚರಗದ ಬುಟ್ಟಿ, ನಮ್ಮ ಮಾತಿನಲ್ಲಿ ಪುಟ್ಟಿ, ಇಡುತ್ತಾರೆ. ಅವಳು ಪದ ಹಾಡುತ್ತಾಳೆ. ಪದ ಮುಗಿದ ಮೇಲೆ ಅವಳು ಮುಂದೆ, ಊರು ಹಿಂದೆ, ಪಟ್ಟಿಯ ನಟ್ಟನಡುವಿನ ಹೊಲಕ್ಕೆ ಮೌನವಾಗಿ ಹೋಗಿ ಚರಗ ಚೆಲ್ಲುತ್ತಾರೆ. ಪುಟ್ಟಿಯವಳು ಹಾಡಿನಲ್ಲಿ ಯಾರ ಹೆಸರು ಹಿಡಿದರೂ ಅವರು ಎದ್ದುಬಂದು ಪುಟ್ಟಿಯ ಮುಂದೆ ನಿಲ್ಲಬೇಕು, ಅದು ಕಟ್ಟಳೆ. ಹೆಂಗಸರು ಅದನ್ನು ತಮಾಷೆಗೂ ಬಳಸುತ್ತಾರೆ. ಹೋದ ವರ್ಷ ಸೋಮಾರಿ ಕರಿಯಪ್ಪನ ಹೆಸರು ಹಾಡಿಸಿದರು, ಅವನು ಅರ್ಧ ಗಡ್ಡ ಬೋಳಿಸಿಕೊಂಡವನು ಹಾಗೆಯೇ ಓಡಿ ಬಂದಿದ್ದ.

ಇವತ್ತು ಬೆಳಿಗ್ಗೆ ಊರ ಹಿರಿಯ ದ್ಯಾವಪ್ಪ ತಾತನ ಮನೆಗೆ ಹೋದೆ. ಎಂಬತ್ತು ದಾಟಿದ ಮುದುಕ, ಕಡುಬು ತಟ್ಟುವ ಹೆಂಗಸರ ನಡುವೆ ಬೆಂಕಿ ಕಾಯಿಸಿಕೊಳ್ಳುತ್ತ ಕೂತಿದ್ದ.

“ತಾತ, ನಾಳಿ ಹೊಲಕ್ಕ ಹೋಗೂದು ಬ್ಯಾಡ. ಬನದಾಗ ಚರಗ ಚೆಲ್ರಿ, ಭೂಮಿತಾಯಿ ಅಲ್ಲೂ ಅದಾಳ,” ಎಂದೆ.

“ಬನದಾಗ ಏನ ಬೆಳಿತೈತಬೇ? ದೇವದಾರ ಕಾಯಿ ಕುದಿಸಿ ತಿನ್ನೋಣೇನು?” ಎಂದ ತಾತ. ಹೆಂಗಸರು ನಕ್ಕರು.

ನಾನು ಮೊರ ಕೇಳಿದೆ. ಅದರಲ್ಲಿ ನುಚ್ಚು ಹರವಿ, ಮೇಲೆ ಒಂದು ಖಡಕ್ ರೊಟ್ಟಿ ಇಟ್ಟು, ಕಾಳು ಜಾರುವ ಓರೆಗೆ ಎತ್ತಿ ಹಿಡಿದೆ. ನಮ್ಮ ಗುಡ್ಡದ ಓರೆಯೂ ಅಷ್ಟೇ. ಅದಕ್ಕಿಂತ ಕಡಿದಾದರೆ ಹಿಮ ನಿಲ್ಲದೆ ಆಗಾಗ ಉದುರಿಬಿಡುತ್ತದೆ. ಸಪಾಟಾದರೆ ಜಾರುವುದೇ ಇಲ್ಲ. ಒಂದು ಬೆರಳಿನಿಂದ ರೊಟ್ಟಿಯ ಕೆಳತುದಿಯನ್ನು ತಟ್ಟಿದೆ. ರೊಟ್ಟಿ ಇಡಿಯಾಗಿ ಸರ್ರನೆ ಜಾರಿ ತಾತನ ಕಾಲಿನ ಮೇಲೆ ಬಿದ್ದು ಚೂರಾಯಿತು.

“ಅಂಬ್ರಕ್ಕ, ರೊಟ್ಟಿ ಬಡಿಸ್ದಿ, ಪಲ್ಯ ಎಲ್ಲಿ?” ಎಂದು ಯಾರೋ ಕೂಗಿದರು.

ತಾತ ನಗಲಿಲ್ಲ. ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. “ತಿಂದೆ ನೋಡು. ಈಗ ಖಾಲಿ ಮೊರದಾಗ ಏನ ಜಾರ್ತೈತಿ? ಹೊಸ್ತಿಲ ಹುಣ್ಣಿಮಿಗಿ ಎಡಗಡಿ ಕೊಳ್ಳದಾಗ ಆಕಿ ಬಂದು ಹನ್ನೆರಡು ಆಡು ಉಂಡಾಳ. ಉಂಡಾಕಿ ಮಲಗ್ಯಾಳ.”

“ಆಕಿ ಉಂಡದ್ದು ಒಂದು ತುಣುಕು, ತಾತ. ಉಳದ ರೊಟ್ಟಿ ಮೊರದಾಗೇ ಐತಿ. ಅಂಚು ಮುರದ ಮ್ಯಾಲ ಅದಕ್ಕ ಆಸರ ಇಲ್ಲ. ಆಮ್ಯಾಲ ಮೂರು ದಿನ ಗಾಳಿ ಮತ್ತ ಬಡಿಸೈತಿ.”

“ಗುಡ್ಡಕ್ಕ ಕಿವಿ ಇಟ್ಟು ಇಟ್ಟು ನಿನಗ ಮನುಷ್ಯಾರ ಮಾತ ಕೇಳಸವಲ್ದು,” ಎಂದ. ಆಮೇಲೆ ದನಿ ತಗ್ಗಿಸಿ, “ಅರವತ್ತಮೂರ್ರಾಗ ಚರಗ ತಪ್ಪಿಸಿದ್ವಿ. ಮುಂದಿನ ವರ್ಷ ಜೋಳ ಬರಲಿಲ್ಲ. ಆ ವರ್ಷ ನನ್ನ ಇಬ್ರು ತಂಗ್ಯಾರು ಹಸದು ಸತ್ರು, ಅವ್ವಿ. ಆಕಿ ಬಡಿಗಿ ಒಂದ ಸಲ ಹೊಡಿತೈತಿ. ಹಸಿವು ದಿನಾ ಹೊಡಿತೈತಿ,” ಎಂದ.

ಅವನು ಮೂರ್ಖನಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಉಂಡ ಗುಡ್ಡ ಮಲಗುತ್ತದೆ ಎನ್ನುವುದು ಹೊಲಕ್ಕೆ ಉಣಿಸಿ ಬದುಕಿದ ಜನ ಮಾತ್ರ ಮಾಡಬಹುದಾದ ತಪ್ಪು. ನಿಮ್ಮ ಎರೆನೆಲದಲ್ಲಿ ಅದು ನಿಜವೇ ಆಗಿತ್ತು.

ಮಧ್ಯಾಹ್ನ ಹುಲಿಗೆಮ್ಮ ಕಡುಬು ಕಟ್ಟಿಕೊಂಡು ಕಿವಿಮನೆಗೆ ಬಂದಳು. ಹೊಟ್ಟೆ ಹಿಡಿದುಕೊಂಡು ಏರಿ ಬಂದವಳಿಗೆ ಏದುಸಿರು. ನಾನು ಅವಳ ಎರಡೂ ಕೈ ಹಿಡಿದು ನಾಳೆ ಹೋಗಬೇಡ ಎಂದೆ. ಕಣ್ಣೀರಿಟ್ಟೆ ಎಂದು ಬರೆಯಲು ನಾಚಿಕೆಯಿಲ್ಲ.

“ಯವ್ವಾ, ನಾ ಒಲ್ಲೆ ಅಂದ್ರ ಪುಟ್ಟಿ ಶಿವಮ್ಮನ ತಲಿಮ್ಯಾಲ ಇಡ್ತಾರ. ಆ ಹುಡುಗಿ ಹೊಟ್ಟ್ಯಾಗೂ ಕೂಸೈತಿ,” ಎಂದಳು. ಕಿಟಕಿಯಿಂದ ಗುಡ್ಡದ ನೆತ್ತಿಯನ್ನು ನೋಡಿದಳು. ಆಮೇಲೆ ಕೇಳಿದಳು: “ಆಕಿ ನಾವು ಹೋಗೂಕಿಂತ ಮೊದಲ ಬಂದ್ರ?”

ಆ ಯೋಚನೆ ನನ್ನಲ್ಲೂ ಮೂರು ದಿನದಿಂದ ಇತ್ತು, ಬಾಯಿಗೆ ತಂದಿರಲಿಲ್ಲ. ನೆತ್ತಿಯಲ್ಲಿ ಗಾಳಿ ಕಟ್ಟಿದ ಹಿಮ ಮನೆಯ ಸೂರಿನಂತೆ ಕಣಿವೆಯ ಮೇಲೆ ಚಾಚಿ ನಿಂತಿದೆ. ಅದನ್ನು ಗಂಟು ಹಾಕಿದ ಹಗ್ಗದಿಂದ ಕೊಯ್ದು ಕೆಡವಿದರೆ ಅದರ ಭಾರಕ್ಕೆ ಕೆಳಗಿನ ರೊಟ್ಟಿ ಮುರಿಯುತ್ತದೆ. ಬೇರೆ ದಿನ ಹಾಗೆ ಮಾಡಿದರೆ ಮನೆಗಳಲ್ಲಿ ಜನ. ವರ್ಷದಲ್ಲಿ ಒಂದೇ ಒಂದು ಹೊತ್ತು ಅರವತ್ತೊಂದೂ ಮನೆ ಖಾಲಿಯಾಗಿ, ಊರೆಲ್ಲ ಬಂಡೆಯ ಮರೆಯ ಬನದಲ್ಲಿರುತ್ತದೆ. ಪುಟ್ಟಿಯ ಪದ ನಡೆಯುವ ಹೊತ್ತು ಅದು. ತಾತನಿಗೆ ಹೇಳಿದರೆ ನನ್ನನ್ನು ಕಟ್ಟಿಹಾಕುತ್ತಾರೆ. ಅವರ ಪಾಲಿಗೆ ಅದು ತಾಯಿಯ ಮೇಲೆ ಕೈ ಎತ್ತಿದ ಹಾಗೆ.

“ಪದ ಮುಗಿಯೂ ಮಟ ಯಾರೂ ಬನ ಬಿಡಂಗಿಲ್ಲ, ಹೌದಿಲ್ಲೊ? ನಿನಗ ಎಷ್ಟ ಹೊತ್ತ ಬೇಕು ಅಷ್ಟ ಹಾಡ್ತೀನಿ,” ಎಂದಳು ನನ್ನ ಮಗಳು. “ಮನಿಮನಿ ಹೆಸರ ಹಿಡದು ಹಾಡ್ತೀನಿ. ಎಲ್ಲಾರೂ ಬಂದಾರೊ ಇಲ್ಲೊ ನಿನಗೂ ಗೊತ್ತಾಗ್ತೈತಿ. ಮ್ಯಾಲಿಂದ ಕೇಳ್ತೈತಿಲ್ಲ?”

“ಚಳ್ಯಾಗ ದನಿ ದೂರ ಹೋಗ್ತೈತಿ,” ಎಂದೆ.

“ಮತ್ತ ನೀ?” ಎಂದಳು. ಸೊಂಟಕ್ಕೆ ಹಗ್ಗ ಕಟ್ಟಿ ಬಂಡೆಗೆ ಬಿಗಿಯುತ್ತೇನೆ ಎಂದೆ. ಸೂರು ಕೆಲವೊಮ್ಮೆ ನಾವು ಎಣಿಸಿದ್ದಕ್ಕಿಂತ ಹಿಂದೆ, ನಿಂತವರ ಕಾಲಡಿಯಲ್ಲೇ ಮುರಿಯುತ್ತದೆ ಎಂದು ಹೇಳಲಿಲ್ಲ. ಅವಳಿಗೆ ಗೊತ್ತಿತ್ತು. ಹೋಗುವಾಗ ಕಡುಬು ಪೂರಾ ತಿನ್ನುವ ತನಕ ಎದುರಿಗೇ ಕೂತಿದ್ದಳು.

ಎಳ್ಳಮಾವಾಸ್ಯೆ, ಹೊತ್ತು ಎರಡು ಮಾರು ಏರಿದೆ.

ಇಲ್ಲಿಯವರೆಗಿನದನ್ನು ನಿನ್ನೆ ಕಿವಿಮನೆಯಲ್ಲಿ ಬರೆದೆ. ಇದು ನೆತ್ತಿಯ ಕಲ್ಲಿನ ಸಂದಿಯಲ್ಲಿ. ಅಕ್ಷರ ಕೆಟ್ಟಿವೆ, ಬೆರಳು ಮರಗಟ್ಟಿವೆ. ನಸುಕಿಗೇ ಕಲ್ಲುದಾರಿಯಿಂದ ಏರಿ ಬಂದೆ. ಹಗ್ಗದ ಒಂದು ತುದಿಗೆ ಕಲ್ಲು ಕಟ್ಟಿ ಸೂರಿನ ಅಂಚಿನಿಂದ ಕೆಳಗೆ ಬಿಟ್ಟು, ಆಚೆಯ ಸಂದಿನಿಂದ ಕೊಕ್ಕೆಕೋಲಿನಲ್ಲಿ ಎಳೆದುಕೊಂಡೆ. ಈಗ ಹಗ್ಗ ಸೂರನ್ನು ಬಳಸಿ ನಿಂತಿದೆ, ಎರಡೂ ತುದಿ ನನ್ನ ಕೈಯಲ್ಲಿವೆ. ಮಜ್ಜಿಗೆ ಕಡೆದ ಹಾಗೆ ಎಳೆಯಬೇಕು. ಗೇಣಿಗೊಂದು ಗಂಟು ಹಾಕಿದ್ದೇನೆ, ಅವೇ ಹಲ್ಲು.

ಕೆಳಗೆ ಜನ ಬನಕ್ಕೆ ಹೋಗಿದ್ದಾರೆ. ಮನೆಗಳ ಮೇಲೆ ಹೊಗೆಯಿಲ್ಲ. ಹುಲಿಗಿಯ ದನಿ ಕೇಳುತ್ತಿದೆ. ಮೊದಲು ಎಲ್ಲರೂ ಹಾಡುವ ಪದ ಹಾಡಿದಳು. ಆಮೇಲೆ ನಾನು ಕಲಿಸಿದ ಪದಗಳು. ಈಗ ಹೆಸರು ಹಿಡಿದಿದ್ದಾಳೆ: ಕರಿಯಪ್ಪನ ಮನೆಯವರೆ ಬನ್ನಿ, ಶಿವಮ್ಮನ ಮನೆಯವರೆ ಬನ್ನಿ. ಪ್ರತಿ ಮನೆಗೂ ಬಂದೆವು, ಬಂದೆವು ಎಂದು ಉತ್ತರ ಬರುತ್ತಿದೆ. ನಾನು ಕಡ್ಡಿಯಿಂದ ಹಿಮದಲ್ಲಿ ಗೆರೆ ಎಳೆಯುತ್ತಿದ್ದೇನೆ. ಐವತ್ತೆಂಟು. ಐವತ್ತೊಂಬತ್ತು. ಅರವತ್ತು.

ಅರವತ್ತೊಂದಕ್ಕೆ ಉತ್ತರವಿಲ್ಲ. ದ್ಯಾವಪ್ಪ ತಾತನ ಮನೆ. ಅವನು ಒಂಟಿ.

ಕಂಡೆ. ಪಟ್ಟಿಯ ನಟ್ಟನಡುವೆ ಒಂದು ಕಪ್ಪು ಚುಕ್ಕೆ. ಚರಗದ ಕಲ್ಲಿನ ಮೇಲಿನ ಹಿಮ ಗುಡಿಸಲು ಎಲ್ಲರಿಗಿಂತ ಮೊದಲೇ ಹೋಗಿದ್ದಾನೆ. ನನ್ನ ಮಗಳು ಹೊರುವ ಪುಟ್ಟಿಗೆ ಜಾಗ ಹಸನು ಮಾಡುತ್ತಿದ್ದಾನೆ. ದೇವರೇ. ಅವನ ಹೆಜ್ಜೆಗೆ ಇನ್ನೂ ಮುರಿದಿಲ್ಲ. ಬಿಸಿಲು ಸೂರಿಗೆ ತಾಗಿದೆ, ಅಂಚಿನಿಂದ ಹನಿ ಬೀಳುತ್ತಿದೆ. ನಾನು ಎಳೆದರೆ ಒಬ್ಬ ಸಾಯುತ್ತಾನೆ. ಎಳೆಯದಿದ್ದರೆ, ಪದ ಮುಗಿದ ಮೇಲೆ ಎಲ್ಲರೂ ಅವನಿದ್ದಲ್ಲಿಗೆ ನಡೆದು ಬರುತ್ತಾರೆ. ಕೂಗಿದರೆ ಅದು ಬರೀ ನನ್ನ ದನಿ ಎಂದು ಅವನು ತಿರುಗಿಯೂ ನೋಡುವುದಿಲ್ಲ.

ಹುಲಿಗಿ ನಿಲ್ಲಿಸಿಲ್ಲ. ಅದೇ ಹೆಸರನ್ನು ಮತ್ತೆ ಹಿಡಿದಳು. ದ್ಯಾವಪ್ಪ ತಾತ ಬಾರೊ, ಪುಟ್ಟಿ ಕರಿಯುತೈತಿ ಬಾರೊ. ಮತ್ತೆ ಅದನ್ನೇ. ದನಿ ಒಡೆಯುತ್ತಿದೆ, ಆರು ತಿಂಗಳ ಬಸುರಿಗೆ ಎಷ್ಟು ಉಸಿರಿದ್ದೀತು. ಮತ್ತೆ ಅದನ್ನೇ.

ಚುಕ್ಕೆ ನಿಂತಿತು. ಪೊರಕೆ ಕೆಳಗಿಟ್ಟ. ಕಟ್ಟಳೆ ಬಿಡದ ಮುದುಕ, ನಿನ್ನ ಹಟಕ್ಕೆ ಅಡ್ಡಬೀಳುತ್ತೇನೆ. ತಿರುಗಿದ. ಬನದ ಕಡೆಗೆ ಹೊರಟಿದ್ದಾನೆ. ಒಂದು ಹೆಜ್ಜೆ, ನಿಲ್ಲುತ್ತಾನೆ. ಇನ್ನೊಂದು ಹೆಜ್ಜೆ, ನಿಲ್ಲುತ್ತಾನೆ. ಮೊಣಕಾಲು ನೋವಿನ ಮನುಷ್ಯ. ಇನ್ನು ಐವತ್ತು ಮಾರು.

ಆ ಐವತ್ತು ಮಾರಿನ ಹೊತ್ತಿನಲ್ಲಿ ನಿಮ್ಮಲ್ಲಿ ಕೇಳುವುದನ್ನು ಕೇಳಿಬಿಡುತ್ತೇನೆ. ನಿಮ್ಮಲ್ಲಿ ಇನ್ನೂ ಹೊತ್ತಿದೆ. ಮಕ್ಕಳಿಗೆ ಕಥೆ ಹೇಳುವಾಗ ಇದೊಂದನ್ನು ಸೇರಿಸಿ: ಎಂದಾದರೂ ನೀವು ಬೆಟ್ಟ ಏರಿದರೆ, ಕಾಡಿನ ನಡುವೆ ಬಯಲು ಕಂಡರೆ, ಅಲ್ಲಿ ಅಡ್ಡಬೀಳುವ ಮೊದಲು ಇಲ್ಲಿ ಮರ ಯಾಕಿಲ್ಲ ಎಂದು ಕೇಳಿ. ಅಂಚಿನ ಮರ ಯಾವ ಕಡೆಗೆ ಬಾಗಿದೆ ನೋಡಿ. ಕುರಿಗಾಹಿ ಕೈಯಾಡಿಸಿದರೆ ಅವನಿಗೆ ರೊಟ್ಟಿ ಕೊಡಿ, ಆದರೆ ಅವನ ಮಾತು ತಿಳಿಯುವ ತನಕ ಅವನನ್ನು ಬಿಡಬೇಡಿ. ಮನೆಯನ್ನು ಮುದಿ ಮರದ ಪಕ್ಕದಲ್ಲಿ ಕಟ್ಟಿ. ಇಷ್ಟು ಅವರ ಕಿವಿಗೆ ಬಿದ್ದರೆ ನಾನು ಈ ಓಲೆ ಬರೆಯುವುದೇ ಬೇಡವಾಗುತ್ತದೆ. ನಾನು ಬೇರೆ ಎಲ್ಲೋ ಹುಟ್ಟಿ, ಕ್ಷೇಮ ಎಂದು ಬರೆಯುತ್ತೇನೆ.

ಇದನ್ನು ಡಬ್ಬಿಯಲ್ಲಿಟ್ಟು ಕಲ್ಲಿನ ಸಂದಿಗೆ ಸಿಕ್ಕಿಸುತ್ತೇನೆ. ಸಿಕ್ಕವರು ಬನದ ದೊಡ್ಡ ಮರದ ಬುಡಕ್ಕೆ ಹಾಕಿ.

ಹತ್ತು ಮಾರು. ಯಾರೋ ಕೈ ಚಾಚಿದ್ದಾರೆ.

ತಾತ ಬನದ ನೆರಳು ಸೇರಿದ. ಹಾಡು ಇನ್ನೂ ನಿಂತಿಲ್ಲ. ಹಗ್ಗ ಹಿಡಿಯುತ್ತೇನೆ.